ಎಳೆ ಜೋಳದ ವಿಷ: ತಿರುಪ್ಪೂರು–ಕೊಯಮತ್ತೂರು ಸೀಮೆಯ ಜಾನುವಾರು ಸೈನೈಡ್ ಬಾಧೆ ಮತ್ತು ಮನುಷ್ಯರಿಗೆ ಅದರ ಅಪಾಯ

ಪಾಲಕ್ಕಾಡು ಕಣಿವೆಯ ಪೂರ್ವಕ್ಕೆ, ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕಾಂಗೇಯಂ ತಳಿಯ ದನಗಳೂ ಮೇವಿನ ಜೋಳವೂ ಬಹುಕಾಲದಿಂದ ಜೊತೆಯಾಗಿವೆ. ದೀರ್ಘ ಒಣಹವೆಯ ಬಳಿಕ ಹಿಂಗಾರು ಬಿದ್ದಾಗ ಬಾಡಿದ ಜೋಳ ಮತ್ತೆ ಚಿಗುರುತ್ತದೆ. ಹಸಿದ ದನಕ್ಕೆ ಆ ಚಿಗುರೇ ಮೃತ್ಯುವಾಗಬಲ್ಲದು. ಈ ಬಾಧೆಯನ್ನು ನಿರ್ಧರಿಸುವುದು ಬೆಳೆಗಿಂತ ಹೆಚ್ಚಾಗಿ ಕೊಯ್ಲಿನ ಕಾಲ. ಮನುಷ್ಯರಿಗಿರುವ ಅಪಾಯವನ್ನೂ ಹಾಲಿನಲ್ಲಿ ಹುಡುಕುವ ಬದಲು ಸತ್ತ ಪಶುವಿನ ವಿಲೇವಾರಿಯಲ್ಲಿ ಹಾಗೂ ಮರಗೆಣಸಿನ ಅಡುಗೆಯಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಎಳೆ ಜೋಳದಲ್ಲಿರುವ ಧುರಿನ್ ಎಂಬ ಸಂಯುಕ್ತ, ಎಲೆ ಜಜ್ಜಿದಾಗ ಕಿಣ್ವದೊಡನೆ ಬೆರೆತು ಹೈಡ್ರೋಸಯಾನಿಕ್ ಆಮ್ಲವನ್ನು ಬಿಡುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಈ ಆಮ್ಲದ ಸೈನೈಡ್ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವವನ್ನು ತಡೆಯುವುದರಿಂದ ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ದೇಹತೂಕದ ಪ್ರತಿ ಕಿಲೋಗೆ ಸುಮಾರು 2 ಮಿಲಿಗ್ರಾಂ ಮಾರಕ. ಕಿಲೋಗೆ 200 ಮಿಲಿಗ್ರಾಂ ಆಮ್ಲ ಬಿಡುವ ಹಸಿಮೇವನ್ನು 400 ಕಿಲೋ ತೂಕದ ಹಸು ಒಮ್ಮೆಲೇ 4 ಕಿಲೋ ತಿಂದರೆ ಆ ಮಟ್ಟ ಮುಟ್ಟುತ್ತದೆ. ನಿಧಾನವಾಗಿ ತಿಂದರೆ ಯಕೃತ್ತಿನ ರೊಡನೀಸ್ ಕಿಣ್ವ ಬಹುಪಾಲನ್ನು ಥಯೋಸಯನೇಟ್ ಆಗಿ ಬದಲಿಸಿ ಮೂತ್ರಕ್ಕೆ ಕಳಿಸುತ್ತದೆ.

ತಲೆಮಾರುಗಳಿಂದ ಮೇಯಿಸಿದ ಜೋಳಕ್ಕೆ ಈಗೇಕೆ ಭಯ ಎಂಬ ಆಕ್ಷೇಪ ಸಹಜ. ಆದರೆ ತೆನೆ ಕೊಯ್ದು ಒಣಗಿಸಿದ ಸೊಪ್ಪೆ ಬೇರೆ, ಬರದ ನಂತರದ ಕೂಳೆ ಚಿಗುರು ಬೇರೆ. ಬಲಿತಂತೆ ಧುರಿನ್ ಇಳಿಯುತ್ತದೆ, ಬರ ಮತ್ತು ಅತಿಯಾದ ಯೂರಿಯಾ ಅದನ್ನು ಏರಿಸುತ್ತವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಕೊಟ್ಟ ಬಹುಕಟಾವಿನ ಮೇವಿನ ತಳಿಗಳು ಇದಕ್ಕೆ ಉತ್ತರವಲ್ಲವೇ ಎಂದೂ ಕೇಳಬಹುದು. ತಳಿ ಅಪಾಯವನ್ನು ತಗ್ಗಿಸಬಲ್ಲದು. ಪದೇ ಪದೇ ಚಿಗುರುವ ಬೆಳೆಯನ್ನು ಅವಧಿಗೆ ಮುನ್ನ ಕೊಯ್ದರೆ ಆಗುವ ಹಾನಿಯನ್ನು ಇಲ್ಲವಾಗಿಸದು. ಇದೇ ಬರಬಿದ್ದ ಜೋಳದಲ್ಲಿ ನೈಟ್ರೇಟ್ ಕೂಡ ಶೇಖರವಾಗುತ್ತದೆ. ಅದರ ವಿಷದಲ್ಲಿ ರಕ್ತ ಕಂದು, ಸೈನೈಡ್‌ನಲ್ಲಿ ಹೊಳೆಯುವ ಕೆಂಪು. ಸೈನೈಡ್‌ಗೆ ಥಯೋಸಲ್ಫೇಟ್‌ನೊಡನೆ ಕೊಡುವ ಸೋಡಿಯಂ ನೈಟ್ರೈಟ್ ನೈಟ್ರೇಟ್ ಬಾಧೆಯನ್ನು ಉಲ್ಬಣಿಸುವುದರಿಂದ ರೋಗನಿರ್ಣಯದಲ್ಲಿ ತಪ್ಪಿದರೆ ಮದ್ದೇ ಮುಳುವಾಗುತ್ತದೆ.

ಸೈನೈಡ್ ದೇಹದಲ್ಲಿ ಸಂಗ್ರಹವಾಗದು. ಚೇತರಿಸಿಕೊಂಡ ಹಸುವಿನ ಹಾಲಿಗೆ ಬರುವುದು ಮುಖ್ಯವಾಗಿ ಥಯೋಸಯನೇಟ್. ಅಯೋಡಿನ್ ಕೊರತೆಯಿದ್ದಲ್ಲಿ ಅದು ಗಳಗಂಡಕ್ಕೆ ಪೂರಕವಾಗಬಹುದು, ಆದರೆ ತಕ್ಷಣದ ವಿಷವಲ್ಲ. ಹಾಗೆಂದು ವಿಷಬಾಧೆಯಿಂದ ಸತ್ತ ಪಶುವಿನ ಮಾಂಸ ತಿನ್ನಬಹುದೆಂದಲ್ಲ. ಅದರ ಹೊಟ್ಟೆ ಸೀಳಿದಾಗ ಹೊಮ್ಮುವ ಅನಿಲ ಹತ್ತಿರದವರಿಗೆ ಅಪಾಯಕಾರಿ. ಇನ್ನು ಧುರಿನ್‌ನಂತೆಯೇ ಸೈನೈಡ್ ಬಿಡುವ ಮರಗೆಣಸಿನ ಲಿನಮರಿನ್ ಜನರನ್ನು ನೇರವಾಗಿ ತಟ್ಟುತ್ತದೆ: 1981ರಲ್ಲಿ ಬರಪೀಡಿತ ಮೊಜಾಂಬಿಕ್‌ನಲ್ಲಿ ಸರಿಯಾಗಿ ಸಂಸ್ಕರಿಸದ ಕಹಿ ಮರಗೆಣಸು ತಿಂದು ಬಹಳಷ್ಟು ಜನರ ಕಾಲುಗಳು ಶಾಶ್ವತವಾಗಿ ಸೆಟೆದುಕೊಂಡವು. ಆ ಗೆಡ್ಡೆಯ ಸಿಪ್ಪೆ, ಎಲೆಗಳನ್ನು ಆಡುಗಳಿಗೆ ಹಾಕುವ ಮನೆಯಲ್ಲಿ ಜನರಿಗೂ ಪಶುಗಳಿಗೂ ಇರುವ ಎರಡೂ ಅಪಾಯಗಳು ಒಂದೇ ಸಸ್ಯದಿಂದ ಬರುತ್ತವೆ. ಆದ್ದರಿಂದ ಹೂವಾಡುವವರೆಗೆ ಜೋಳ ಮೇಯಿಸದಿರುವುದು, ಮೊದಲ ಮಳೆಯ ಚಿಗುರಿಗೆ ಹಸಿದ ದನ ಬಿಡದಿರುವುದು, ಸಂದೇಹದ ಮೇವನ್ನು ಸೈಲೇಜ್ ಮಾಡಿ ಗಾಳಿಯಾಡಿಸಿ ಕೊಡುವುದು, ಮರಗೆಣಸನ್ನು ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿ ನೀರು ಚೆಲ್ಲುವುದು, ಇವು ಹಾಲಿನ ಪರೀಕ್ಷೆಗಿಂತ ಹೆಚ್ಚು ಜೀವ ಉಳಿಸುವ ಕ್ರಮಗಳು.