ಮಂಗಳೂರು
ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಅರಬ್ಬಿ ಸಮುದ್ರ ಸೇರುವಲ್ಲಿ ಬೆಳೆದ ಬಂದರು ನಗರ; ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ. ಆಳುಪರ ಕಾಲದಲ್ಲಿ ಮಂಗಳಾಪುರವೆಂಬ ಹೆಸರಿತ್ತು. 12ನೆಯ ಶತಮಾನದಲ್ಲಿ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ನೆಲೆಸಿ ವ್ಯಾಪಾರ ನಡೆಸಿದ. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಬಂದುಹೋದ.

ಊರಿನ ಪ್ರಾಚೀನ ಕುರುಹುಗಳಲ್ಲಿ ಮೊದಲು ನೋಡಬೇಕಾದದ್ದು ಕದ್ರಿ ಮಂಜುನಾಥ ದೇವಾಲಯದ ಲೋಕೇಶ್ವರ ಕಂಚಿನ ವಿಗ್ರಹ. ಮೂರು ಮುಖ, ಆರು ಕೈಗಳ ಈ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ತಿಳಿಸುತ್ತದೆ. ಬೌದ್ಧ ಬೋಧಿಸತ್ತ್ವನ ಹೆಸರು ಹೊತ್ತ ಮೂರ್ತಿ ಶಿವಾಲಯದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವುದು ಕರಾವಳಿಯ ಧಾರ್ಮಿಕ ಚರಿತ್ರೆಗೆ ಅಮೂಲ್ಯ ಸಾಕ್ಷಿ.

ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕಂಬಗಳ ಕೆತ್ತನೆ ಸೂಕ್ಷ್ಮವಾದುದು. ಬೋಳೂರಿನಲ್ಲಿ ಗುರುಪುರ ನದಿಯ ದಂಡೆಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ ಸುಲ್ತಾನ್ ಬತ್ತೇರಿ. ಫಿರಂಗಿ ಹೂಡಲು ಬಿಟ್ಟ ಕಿಂಡಿಗಳು ಗೋಡೆಯಲ್ಲಿ ಹಾಗೆಯೇ ಇವೆ. ಟಿಪ್ಪು ಬ್ರಿಟಿಷರೊಂದಿಗೆ ಹೋರಾಡಿದ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿದದ್ದೂ ಈ ಊರಿನ ಹೆಸರಿನ 1784ರ ಮಂಗಳೂರು ಒಪ್ಪಂದದಿಂದ.

1834ರಲ್ಲಿ ಬಂದ ಬಾಸೆಲ್ ಮಿಷನ್ ಮುದ್ರಣ, ನೇಯ್ಗೆ, ಹಂಚಿನ ಉದ್ಯಮಗಳನ್ನು ಬೆಳೆಸಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಈ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಹೊರತಂದರು. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನು ಇಟಲಿಯ ಅಂತೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿದ್ದಾರೆ.