ಸಂಖ್ಯೆಗಳ ಕಂಠಾಭರಣ

ನಮ್ಮ ಜಿಲ್ಲೆಯ ಇತಿಹಾಸವೆಂದರೆ ಬಾದಾಮಿಯ ಗುಹೆ, ಪಟ್ಟದಕಲ್ಲಿನ ಗುಡಿ, ಇಳಕಲ್ಲಿನ ಸೀರೆ ಎನ್ನುತ್ತೇವೆ. ಆ ಸಾಲಿಗೆ ಗಣಿತವನ್ನು ಸೇರಿಸುವವರು ಕಡಿಮೆ. ಹಲವು ವರ್ಷ ಗಣಿತ ಕಲಿಸಿದವನಾಗಿ, ಶಾಲೆಯ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಆ ಕೊರತೆಯನ್ನು ತುಸು ನೀಗಿಸಬೇಕೆಂದು ನನ್ನ ಆಸೆ.

ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಕವಿ ರವಿಕೀರ್ತಿ ಕಾಲವನ್ನು ಎರಡು ಬಗೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧವಾಗಿ 3735 ವರ್ಷ, ಶಕ ವರ್ಷ 556. ಅಂದರೆ ಕ್ರಿ.ಶ. 634. ಅಲ್ಲಿ ಅಂಕಿಗಳಿಲ್ಲ, ಸಂಖ್ಯೆಯೆಲ್ಲ ಪದ್ಯದ ಮಾತಿನಲ್ಲೇ ಇದೆ.

ಹೀಗೆ ಸಂಖ್ಯೆಯನ್ನು ಪದ್ಯದಲ್ಲಿ ಹೇಳುವ ಕಲೆಯನ್ನು ಸುಮಾರು ಇನ್ನೂರು ವರ್ಷಗಳ ನಂತರ ಮಹಾವೀರಾಚಾರ್ಯ ಬಹು ಸೊಗಸಾಗಿ ಬಳಸಿದ. ಆತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. ಅದೇ ದೊರೆಯ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕಿಸುವೊಳಲ್ ನಮ್ಮ ಪಟ್ಟದಕಲ್ಲೇ. ಕ್ರಿ.ಶ. 850ರ ಸುಮಾರಿಗೆ ಮಹಾವೀರ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಜ್ಯೋತಿಷದಿಂದ ಬೇರೆಯಾಗಿ ಗಣಿತಕ್ಕೇ ಮೀಸಲಾದ ಗ್ರಂಥ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರು ಅದರಲ್ಲಿವೆ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಗುಣಾಕಾರದ ಭಾಗದಲ್ಲಿ ಮಹಾವೀರ ಕೆಲವು ಲೆಕ್ಕಗಳ ಉತ್ತರವನ್ನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 139 × 109 = 15151. 152207 × 73 = 11111111. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇವುಗಳಲ್ಲಿ ನನಗೆ ಬಲು ಮೆಚ್ಚುಗೆಯಾದದ್ದು ಇದು:

27994681 × 441 = 12345654321

ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು! ಮಹಾವೀರನಿಗೆ ಇಷ್ಟುದ್ದ ಹೇಳಬೇಕಾಗಲಿಲ್ಲ. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಎಂದರೆ ಮುಗಿಯಿತು.

ಇದರ ಗುಟ್ಟೇನು? 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 × 5291 = 111111. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗ. 111111ನ್ನು ಒಂದೊಂದು ಮನೆ ಸರಿಸಿ ಆರು ಸಾಲು ಬರೆದು ಕೂಡಿಸಿ ನೋಡಿ. ಕಂಬಸಾಲುಗಳಲ್ಲಿ ಒಂದು, ಎರಡು, ಮೂರು ಹೀಗೆ ಆರರವರೆಗೆ ಒಂದುಗಳು ಸೇರುತ್ತವೆ, ಬಳಿಕ ಕಡಿಮೆಯಾಗುತ್ತವೆ. ದಶಕವೇ ಇಲ್ಲ! ಒಂಬತ್ತು ಒಂದುಗಳವರೆಗೂ ಹೀಗೆಯೇ: 12345678987654321. ಹತ್ತಾದರೆ ದಶಕ ಬಂದು ಹಾರ ಹರಿಯುತ್ತದೆ. ಇನ್ನೊಂದು ಸೊಗಸು: ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 36, ಅಂದರೆ ಆರರ ವರ್ಗ.

"ಗಣಿತ ನಮ್ಮಂಥವರಿಗಲ್ಲ ಸರ್" ಎನ್ನುವ ಮಾತನ್ನು ಹೊಲದಿಂದ ಬಂದ ಮಕ್ಕಳಿಂದಲೂ ಮಗ್ಗದ ಮನೆಯ ಮಕ್ಕಳಿಂದಲೂ ಕೇಳಿದ್ದೇನೆ. ಆ ಒಂದು ವಿಷಯದ ಭಯದಿಂದಲೇ ಹತ್ತನೆಯ ತರಗತಿಗೆ ಓದು ನಿಲ್ಲಿಸಿದವರಿದ್ದಾರೆ. ಎಳೆ ಎಣಿಸಿ ಸೀರೆ ನೇಯುವ ನಾಡಿನಲ್ಲಿ ಆ ಮಾತು ಸಲ್ಲದು. ಸಾವಿರ ವರ್ಷಗಳ ಹಿಂದೆಯೇ ಕನ್ನಡದ ದೊರೆಯ ಆಳ್ವಿಕೆಯಲ್ಲಿ ದೊಡ್ಡ ಸಂಖ್ಯೆ ಹೆದರಿಕೆಯ ವಸ್ತುವಾಗಿರಲಿಲ್ಲ, ಒಡವೆಯಾಗಿತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಇಂದು ಸಂಜೆ ನಿಮ್ಮ ಮನೆಯ ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಆ ಆರು ಸಾಲು ಬರೆಸಿರಿ. ಉತ್ತರವನ್ನು ಮೊದಲೇ ಹೇಳಬೇಡಿ.