ಗುರುವಿನ ನೋವಿಗೆ ಹೆಗಲು

ನಮ್ಮೆಲ್ಲರ ನೋವನ್ನು ಆಲಿಸುವ ಗುರುಗಳು ತಮ್ಮ ನೋವನ್ನು ಯಾರ ಮುಂದೆ ತೋಡಿಕೊಳ್ಳಬೇಕು? ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ಪ್ರಭು ಯೇಸು ತಮ್ಮ ಪ್ರೇಷಿತರನ್ನು ಒಂಟಿಯಾಗಿ ಕಳುಹಿಸಲಿಲ್ಲ, ಇಬ್ಬಿಬ್ಬರನ್ನಾಗಿ ಕಳುಹಿಸಿದರು. ಇದೇ ಮನೋಭಾವದಿಂದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಗುರುಗಳ ಸೇವೆ ಮತ್ತು ಜೀವನ ಕುರಿತು ಹೊರಡಿಸಿದ ಆದೇಶಪತ್ರದಲ್ಲಿ ಸೋದರ ನೆರವಿನ ಗುರುಸಂಘಗಳನ್ನು ಪ್ರೋತ್ಸಾಹಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 278ನೆಯ ವಿಧಿಯು, ಯಾಜಕ ಜೀವನಕ್ಕೆ ತಕ್ಕ ಉದ್ದೇಶಗಳಿಗಾಗಿ ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಧರ್ಮಪ್ರಾಂತ್ಯದ ಗುರುಗಳಿಗೆ ನೀಡಿತು.

ಈ ಹಕ್ಕಿನ ಬೆಲೆ ಏನೆಂಬುದನ್ನು ಐರ್ಲೆಂಡಿನ ಇತಿಹಾಸ ತೋರಿಸುತ್ತದೆ. ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು 2009ರಲ್ಲಿ ಎರಡು ತನಿಖಾ ವರದಿಗಳು ಬಯಲಿಗೆಳೆದವು. ನೊಂದವರ ಕೂಗಿಗೆ ಕೊನೆಗೂ ಕಿವಿ ದೊರೆಯಿತು; ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ತಪ್ಪೆಸಗದ ಗುರುಗಳೂ ಸಂಶಯದ ನೆರಳಿನಲ್ಲಿ ಬದುಕಬೇಕಾಯಿತು. 2010ರ ಸೆಪ್ಟೆಂಬರಿನಲ್ಲಿ ಗುರುಗಳು ಪೋರ್ಟ್‌ಲೀಷ್ ಪಟ್ಟಣದಲ್ಲಿ ಸೇರಿ 'ಕಥೋಲಿಕ ಗುರುಗಳ ಸಂಘ'ವನ್ನು ಸ್ಥಾಪಿಸಿದರು.

ವರ್ಷ ಕಳೆಯುವ ಮುನ್ನವೇ ಪರೀಕ್ಷೆ ಎದುರಾಯಿತು. ಗಾಲ್ವೇ ಪ್ರಾಂತದ ಅಹಾಸ್ಕ್ರಾ ಧರ್ಮಕೇಂದ್ರದ ಫಾದರ್ ಕೆವಿನ್ ರೇನಾಲ್ಡ್ಸ್ ಹಿಂದೆ ಕೀನ್ಯಾದಲ್ಲಿ ಧರ್ಮಪ್ರಚಾರಕರಾಗಿದ್ದವರು. 2011ರ ಮೇ ತಿಂಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ಆಚರಣೆ ಮುಗಿದ ಬಳಿಕ ದೂರದರ್ಶನ ತಂಡವೊಂದು ಅವರೆದುರು ನಿಂತಿತು. ಕೀನ್ಯಾದಲ್ಲಿ ಅಪ್ರಾಪ್ತೆಯ ಮೇಲೆ ಅತ್ಯಾಚಾರವೆಸಗಿ ಮಗುವಿನ ತಂದೆಯಾದರೆಂಬ ಆರೋಪ! ಪಿತೃತ್ವ ಪರೀಕ್ಷೆಗೆ ಸಿದ್ಧನೆಂದು ಅವರು ಹೇಳಿದರೂ, ರಾಷ್ಟ್ರೀಯ ಪ್ರಸಾರ ಸಂಸ್ಥೆ ಆರ್‌ಟಿಇ ಕಾರ್ಯಕ್ರಮವನ್ನು ಮೇ 23ರಂದು ಪ್ರಸಾರ ಮಾಡಿಯೇಬಿಟ್ಟಿತು. ಅವರು ಧರ್ಮಕೇಂದ್ರವನ್ನೂ ಮನೆಯನ್ನೂ ತೊರೆಯಬೇಕಾಯಿತು.

ಆಗ ಸಂಘವು ಅವರ ಬೆನ್ನಿಗೆ ನಿಂತು ಕಾನೂನಿನ ಹೋರಾಟಕ್ಕೆ ನೆರವಾಯಿತು. ಪರೀಕ್ಷೆಗಳು ಅವರು ತಂದೆಯಲ್ಲವೆಂದು ಸಾಬೀತುಪಡಿಸಿದವು. ಆರ್‌ಟಿಇ ಬಹಿರಂಗವಾಗಿ ಕ್ಷಮೆ ಯಾಚಿಸಿತು. ನವೆಂಬರಿನಲ್ಲಿ ಉಚ್ಚ ನ್ಯಾಯಾಲಯದಲ್ಲಿ ಪರಿಹಾರದೊಂದಿಗೆ ಮೊಕದ್ದಮೆ ಇತ್ಯರ್ಥವಾಯಿತು. 2012ರಲ್ಲಿ ಪ್ರಸಾರ ಪ್ರಾಧಿಕಾರವು ಸಂಸ್ಥೆಗೆ 2,00,000 ಯೂರೋ ದಂಡ ವಿಧಿಸಿತು. ಅವರು ತಮ್ಮ ಜನರ ಬಳಿಗೆ ಮರಳಿದರು.

ಸಂಘದ ಹಾದಿ ಸುಗಮವಾಗಿರಲಿಲ್ಲ. ಧರ್ಮಸಭೆಯಲ್ಲಿ ಸುಧಾರಣೆ ಬೇಕೆಂಬ ಅದರ ಮಾತುಗಳನ್ನು ಎಲ್ಲರೂ ಒಪ್ಪಲಿಲ್ಲ. ಸ್ಥಾಪಕರಲ್ಲೊಬ್ಬರಾದ ಫಾದರ್ ಟೋನಿ ಫ್ಲ್ಯಾನರಿಯವರನ್ನು ಅವರ ಬರಹಗಳ ಕಾರಣ 2012ರಲ್ಲಿ ಯಾಜಕ ಸೇವೆಯಿಂದ ದೂರವಿರಿಸಲಾಯಿತು. ಆ ಚರ್ಚೆ ಏನೇ ಇರಲಿ, ಒಂದು ಮಾತು ಉಳಿಯುತ್ತದೆ: ಸೋದರತ್ವವೆಂದರೆ ತಪ್ಪನ್ನು ಮುಚ್ಚಿಡುವುದಲ್ಲ, ಸತ್ಯ ಹೊರಬರುವವರೆಗೆ ಕೈಬಿಡದಿರುವುದು. ನೊಂದ ಮಗುವಿಗೂ ನಿರಪರಾಧಿ ಗುರುವಿಗೂ ಬೇಕಾದದ್ದು ಒಂದೇ ಸತ್ಯ.

ಗುರುಗಳಿಗೆ ಗುರುಗಳ ಹೆಗಲು ಬೇಕು, ನಿಜ. ಆದರೆ ಧರ್ಮಕೇಂದ್ರದ ಕುಟುಂಬಗಳಾದ ನಮಗೂ ಇದರಲ್ಲಿ ಪಾಲಿಲ್ಲವೇ? ಭಾನುವಾರದ ಬಲಿಪೂಜೆಯ ನಂತರ ನಮ್ಮ ಕೋರಿಕೆಗಳನ್ನು ಮುಂದಿಡುವ ಮೊದಲು, 'ಸ್ವಾಮಿ, ತಾವು ಹೇಗಿದ್ದೀರಿ?' ಎಂದು ಒಮ್ಮೆ ಕೇಳೋಣ. ಉತ್ತರಕ್ಕಾಗಿ ತುಸು ನಿಲ್ಲೋಣ.